ಹತ್ತು ಲಕ್ಷ ಹೆಜ್ಜೆಯ ಕ್ಯಾಪ್ಟನ್

ಹಿಂದೂಪುರದ ಸೀರೆ ಅಂಗಡಿಗಳ ಬೀದಿಯಲ್ಲಿ ಆ ತಿಂಗಳು ಎಲ್ಲರ ಬಾಯಲ್ಲೂ ಇದ್ದದ್ದು ರೇಷ್ಮೆಯ ದರವಲ್ಲ, ದಯಾನಂದನ ಕಾಲು. ಒಂದೇ ತಿಂಗಳಲ್ಲಿ ಹತ್ತು ಲಕ್ಷ ಹೆಜ್ಜೆ! ‘ಹಿಂದೂಪುರ ಹಿಲ್ ರನ್ನರ್ಸ್’ ಕ್ಲಬ್ಬಿನ ಅರವತ್ತು ಜನರಲ್ಲಿ ಎರಡನೆಯ ಸ್ಥಾನದಲ್ಲಿದ್ದ ಟ್ಯಾಕ್ಸ್ ಪ್ರಾಕ್ಟೀಷನರ್ ಆನಂದಕುಮಾರ್ ನಾಲ್ಕು ಲಕ್ಷಕ್ಕೇ ಏದುಸಿರು ಬಿಡುತ್ತಿದ್ದ. ಕ್ಲಬ್ಬಿನ ಆ್ಯಪ್ ಪ್ರತಿ ಸಂಜೆ ಎಲ್ಲರ ಹೆಜ್ಜೆ ಎಣಿಸಿ ಪಟ್ಟಿ ಹಾಕುತ್ತಿತ್ತು. ಪಟ್ಟಿಯ ತುದಿಯಲ್ಲಿ ಮೂರು ತಿಂಗಳಿಂದ ಒಂದೇ ಹೆಸರು ಕೂತಿದ್ದರಿಂದ, ಆ ಹೆಸರಿನವನನ್ನು ಕ್ಯಾಪ್ಟನ್ ಮಾಡದೆ ಬೇರೆ ದಾರಿ ಇರಲಿಲ್ಲ.

ದಯಾನಂದನಿಗೆ ನಲವತ್ತೆಂಟು. ಅಂಗಡಿಯ ಗಾದಿಯ ಮೇಲೆ ಕೂತು ಕೂತು ಹೊಟ್ಟೆ ತೊಡೆಯ ಮೇಲೆ ಬಂದು ಒರಗಿತ್ತು. ಇಷ್ಟು ಹೆಜ್ಜೆ ಹಾಕುವವನ ಹೊಟ್ಟೆ ಹೀಗೇಕಿದೆ ಎಂದು ಯಾರೂ ಕೇಳಲಿಲ್ಲ. ಅಂಕಿ ಫೋನಿನಲ್ಲಿ ಕಣ್ಣೆದುರಿಗೇ ಇರುವಾಗ ಹೊಟ್ಟೆಯನ್ನು ಯಾರು ನಂಬುತ್ತಾರೆ? ಅನುಮಾನ ಬಂದದ್ದು ಹೆಂಡತಿ ಪ್ರಮೀಳಾಗೆ ಮಾತ್ರ, ಅದೂ ಬಟ್ಟೆ ಒಗೆಯುವಾಗ.

“ಹತ್ತು ಲಕ್ಷ ಹೆಜ್ಜೆ ಹಾಕ್ದೋರ ಬನೀನು ಒಂದ್ ದಿನಾನೂ ಬೆವರು ವಾಸ್ನೆ ಹೊಡೀಲಿಲ್ವಲ್ರೀ,” ಅಂದಳು.

“ಬೆವರೋರು ಹೊಸಬ್ರು ಕಣೆ. ಪ್ರಾಕ್ಟೀಸ್ ಆಗೋದ್ರೆ ಮೈ ಒಣಗೇ ಇರ್ತೈತೆ,” ಎಂದು ಅವನು ಗಂಭೀರವಾಗಿ ಹೇಳಿದ.

ನಿಜ ಸಂಗತಿ ಹೇಳಿಬಿಡುತ್ತೇನೆ. ಆ ಹೆಜ್ಜೆಗಳು ದಯಾನಂದನವಲ್ಲ. ಅಷ್ಟೇ ಅಲ್ಲ, ಅವು ಹೆಜ್ಜೆಗಳೇ ಅಲ್ಲ.

ದಯಾನಂದನ ಅಕ್ಕ ಬನಶಂಕರಮ್ಮನ ಮನೆ ನೇಕಾರರ ಬೀದಿಯ ಕೊನೆಯಲ್ಲಿತ್ತು. ಬಾವ ಕೇಶವಯ್ಯ ಐವತ್ತೆಂಟರಲ್ಲೂ ನಡುಮನೆಯ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಯಾನಂದನ ಅಂಗಡಿಗೇ ಸೀರೆ ನೇಯುತ್ತಿದ್ದರು. ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಸೀರೆ ಎಲ್ಲಿಗೆ ಬಂತೆಂದು ನೋಡಲು ಹೋದಾಗ, ಅವನ ಕೈಯಲ್ಲಿದ್ದ ಹೊಸ ಸ್ಮಾರ್ಟ್ ಗಡಿಯಾರ ನೋಡಿ ಕೇಶವಯ್ಯನಿಗೆ ಆಸೆಯಾಯಿತು. ಬಲಗೈಗೆ ಕಟ್ಟಿಸಿಕೊಂಡು, ಹಾಗೇ ಕೆಲಸ ಮುಂದುವರಿಸಿದರು. ಎಡಗೈಯಲ್ಲಿ ನೂಲು ಬಿಗಿಯುವ ಹಲಗೆ ಬಡಿಯುವುದು, ಬಲಗೈಯಲ್ಲಿ ಹಗ್ಗದ ಹಿಡಿ ಎಳೆಯುವುದು, ಲಾಳಿ ಈ ಕಡೆಯಿಂದ ಆ ಕಡೆಗೆ ಓಡುವುದು. ದಯಾನಂದ್ ಅಕ್ಕ ಕೊಟ್ಟ ಕಾಫಿ ಕುಡಿದು ಗಡಿಯಾರ ವಾಪಸ್ಸು ಕಟ್ಟಿಕೊಂಡು ನೋಡಿದರೆ, ಎರಡು ಸಾವಿರದ ನಾನ್ನೂರು ಹೆಜ್ಜೆ! ಬಾವ ಕೂತಲ್ಲಿಂದ ಎದ್ದಿರಲಿಲ್ಲ. ಬಲಗೈಯ ಒಂದೊಂದು ಎಳೆತವನ್ನೂ ಆ ಯಂತ್ರ ಒಂದೊಂದು ಹೆಜ್ಜೆ ಎಂದು ಎಣಿಸಿತ್ತು.

ದಯಾನಂದ್ ಆ ಸಂಜೆಯೇ ತೀರ್ಮಾನ ಮಾಡಿದ. ಅಂದಿನಿಂದ ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಗಡಿಯಾರ ಬಾವನ ಕೈಗೆ ಹೋಗುವುದು, ಸಂಜೆ ದಯಾನಂದನ ಕೈಗೆ ಮರಳುವುದು. ಮಗ್ಗಕ್ಕೆ ಅಮಾವಾಸ್ಯೆ ರಜಾ, ಆ ದಿನ ಮಾತ್ರ ಅವನ ಹೆಜ್ಜೆ ಸಾವಿರ ದಾಟುತ್ತಿರಲಿಲ್ಲ. ಆನಂದಕುಮಾರ್ ಒಮ್ಮೆ ಅದನ್ನು ಗಮನಿಸಿ ಕೇಳಿದ್ದ. “ಅಮಾಸೆ ದಿನ ನಮ್ ಕುಲದೋರು ಕಾಲು ಬೀಸಲ್ಲ ಕಣಪ್ಪ, ಪದ್ಧತಿ,” ಎಂದು ದಯಾನಂದ್ ಕುಲದ ಮೇಲೆ ಭಾರ ಹಾಕಿದ. ಕ್ಲಬ್ಬಿನವರು ಇಂಥ ಭಕ್ತಿವಂತ ಓಟಗಾರ ಸಿಕ್ಕಿದ್ದಕ್ಕೆ ಹೆಮ್ಮೆಪಟ್ಟರು.

ಕೇಶವಯ್ಯನಿಗೂ ಇದರಲ್ಲಿ ಹುರುಪು ಬಂದುಬಿಟ್ಟಿತು. ನಲವತ್ತು ವರ್ಷ ನೇಯ್ದರೂ ಅವರ ಕೈಯ ಎಳೆತವನ್ನು ಯಾರೂ ಎಣಿಸಿರಲಿಲ್ಲ. ಈಗ ಸಂಜೆ ಬಾಮೈದ ಬರುವುದನ್ನೇ ಕಾಯುವರು. “ಇವತ್ತೆಷ್ಟಾಯ್ತಪ್ಪಾ?” ಎಂದು ಕೇಳುವರು. ಮೂವತ್ತಾರು ಸಾವಿರ ಅಂದರೆ ನಾಳೆ ಮೂವತ್ತೆಂಟು ಮಾಡೋಣ ಎನ್ನುವರು. ಹತ್ತು ಲಕ್ಷದ ಆಸೆ ಹತ್ತಿದ ಮೇಲೆ ದಯಾನಂದ್ ತಿಂಗಳಿಗೆ ಒಂದು ಹಾಸು, ಅಂದರೆ ಮಗ್ಗಕ್ಕೆ ಒಂದು ಸಲ ಏರಿಸುವಷ್ಟು ನೂಲು, ಕೊಡುತ್ತಿದ್ದವನು ಎರಡು ಕೊಟ್ಟ. ಸೀರೆಗೆ ಗಿರಾಕಿ ಇರಲಿಲ್ಲ. ಬೇಕಾಗಿದ್ದದ್ದು ಹೆಜ್ಜೆ.

ಆಮೇಲೆ ಇನ್ನೊಂದು ವಿಚಿತ್ರ ನಡೆಯಿತು. ದಿನಾ ಸಂಜೆ ಫೋನು “ಭೇಷ್ ದಯಾನಂದ್!” ಎಂದು ಬೆನ್ನು ತಟ್ಟಿ ತಟ್ಟಿ, ಬೀದಿಯವರು ಕಾಲು ನೋಡಿ ನೋಡಿ, ಆ ಹೆಜ್ಜೆ ತನ್ನವೇ ಎಂದು ದಯಾನಂದನಿಗೆ ನಂಬಿಕೆ ಬರತೊಡಗಿತು. ರಾತ್ರಿ ಮಲಗುವಾಗ ಮೀನಖಂಡ ನೋಯುತ್ತಿತ್ತು. ಪ್ರಮೀಳಾಳ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ.

ಹಾಗಿರುವಾಗ ಒಂದು ಸಂಜೆ ಫೋನು ಬೇರೆ ಮಾತು ಹೇಳಿತು. “ದಯಾನಂದ್, ನಿಮ್ಮ ಹೃದಯದ ಬಡಿತ ಕ್ರಮ ತಪ್ಪಿದೆ. ವೈದ್ಯರನ್ನು ಕಾಣಿ.” ದಯಾನಂದ್ ಗಾದಿಯ ಮೇಲೆ ತಣ್ಣಗಾಗಿ ಕೂತ. ಹೆಸರು ಹಿಡಿದು ಹೇಳಿದೆಯಲ್ಲ! ಎದೆಯ ಮೇಲೆ ಕೈ ಇಟ್ಟುಕೊಂಡರೆ ಒಳಗೆ ನಿಜವಾಗಿಯೂ ಏನೋ ಹಾರಿದಂತಾಯಿತು. ಹೆಜ್ಜೆ ತನ್ನದೆಂದು ನಂಬಿದವನು ಎದೆಯೂ ತನ್ನದೇ ಎಂದು ನಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆ ಗಡಿಯಾರ ದಿನವೆಲ್ಲ ಯಾರ ಕೈಯಲ್ಲಿತ್ತು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಯಾರಿಗೂ ಗೊತ್ತಾಗಬಾರದೆಂದು ಗಡಿಯ ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಕರ್ನಾಟಕದ ಕಡೆಯ ಡಾಕ್ಟರೊಬ್ಬರ ಹತ್ತಿರ ಹೋದ. ಅವರು ಎದೆಗೆ ತಂತಿ ಅಂಟಿಸಿ, ಕಾಗದ ಓಡಿಸಿ ನೋಡಿ, “ಎದೆ ಗಟ್ಟಿಯಾಗೇ ಇದೆ. ಹೊಟ್ಟೆ ಇಳಿಸಿ. ದಿನಾ ಒಂದು ಸ್ವಲ್ಪ ನಡೀರಿ,” ಎಂದರು. ಹತ್ತು ಲಕ್ಷ ಹೆಜ್ಜೆಯವನಿಗೆ ಸ್ವಲ್ಪ ನಡೀರಿ ಅನ್ನುವುದೆ! ಆ ಡಾಕ್ಟರಿಗೆ ಏನೂ ತಿಳಿಯದು ಎಂದುಕೊಂಡು ದಯಾನಂದ್ ಬಸ್ಸು ಹತ್ತಿದ. ಆ ವಾರದಲ್ಲಿ ಅದೇ ಎಚ್ಚರಿಕೆ ಇನ್ನೂ ಎರಡು ಸಲ ಬಂತು.

ಅಷ್ಟರಲ್ಲಿ ಕ್ಲಬ್ಬು ಮುಂದಿನ ತಿಂಗಳ ಮ್ಯಾರಥಾನಿಗೆ ತಯಾರಿ ಎಂದು ದೊಡ್ಡ ಓಟ ಇಟ್ಟಿತು. ಸೆಟ್ಟೂರಿನ ಕಡೆಯ ಗುಡ್ಡದ ಬುಡದಿಂದ ಹೊರಟು, ಬೆಟ್ಟದ ಕಾಲುದಾರಿಯಲ್ಲಿ ಮೂವತ್ತೆರಡು ಕಿಲೋಮೀಟರು ಓಡಿ ಕಲ್ಯಾಣದುರ್ಗ ಸೇರುವುದು. ಮುಂದಾಳು ಕ್ಯಾಪ್ಟನ್ ದಯಾನಂದ್. ಕಲ್ಯಾಣದುರ್ಗದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದ ಮರುಳಸಿದ್ದಪ್ಪ ದಾರಿ ತೋರಿಸಲು ಒಪ್ಪಿ, ಊರ ಬಾಗಿಲಲ್ಲಿ ಸನ್ಮಾನವನ್ನೂ ಏರ್ಪಾಡು ಮಾಡಿದ. ಫ್ಲೆಕ್ಸಿನ ಚಿತ್ರ ಗುಂಪಿಗೆ ಕಳಿಸಿದ. ತೆಲುಗಿನಲ್ಲಿ ‘ಪದಿ ಲಕ್ಷಲ ಅಡುಗುಲ ವೀರುಡು’, ಅಂದರೆ ಹತ್ತು ಲಕ್ಷ ಹೆಜ್ಜೆಯ ವೀರ, ಎಂದು ಬರೆಸಿ, ಯಾವನೋ ತೆಳ್ಳಗಿನ ಓಟಗಾರನ ಮೈಗೆ ದಯಾನಂದನ ತಲೆ ಅಂಟಿಸಿದ್ದ. ಬೀದಿಯವರೆಲ್ಲ ಅದನ್ನು ನೋಡಿ, ಫೋಟೋ ಚೆನ್ನಾಗಿ ಬಂದಿದೆ ಎಂದರು.

ದಯಾನಂದ್ ತಪ್ಪಿಸಿಕೊಳ್ಳಲು ನೋಡದೆ ಇರಲಿಲ್ಲ. ಆದರೆ ತಪ್ಪಿಸಿಕೊಂಡರೆ ಬೀದಿಯಲ್ಲಿ ತಲೆ ಎತ್ತುವುದು ಹೇಗೆ? ಹೋದರೆ ಎದೆ ಒಡೆಯುತ್ತದೆ, ಹೋಗದಿದ್ದರೆ ಮಾನ ಹೋಗುತ್ತದೆ. ಎರಡನ್ನೂ ತೂಗಿ ನೋಡಿದಾಗ ಅವನಿಗೆ ಮಾನವೇ ಭಾರ ಎನಿಸಿತು.

ಶನಿವಾರ ಸಂಜೆ ಕಲ್ಯಾಣದುರ್ಗಕ್ಕೆ ಹೊರಡುವ ಮುಂಚೆ ಗಡಿಯಾರ ತರಲು ಅಕ್ಕನ ಮನೆಗೆ ಹೋದ. ಕೇಶವಯ್ಯ ಮಗ್ಗದ ಗುಂಡಿಯಿಂದ ಎದ್ದು ಗೋಡೆಗೆ ಒರಗಿ ಎದೆ ನೀವಿಕೊಳ್ಳುತ್ತಿದ್ದರು.

“ಯಾಕೋ ಸುಸ್ತಾಗವ್ರೆ ಕಣೋ ದಯಾ. ಒಂದ್ ವಾರದಿಂದ ಹಿಂಗೇಯ,” ಎಂದು ಬನಶಂಕರಮ್ಮ ರಾಟೆ ನಿಲ್ಲಿಸಿ ಹೇಳಿದಳು.

“ಗ್ಯಾಸು ಕಣೇ, ಏನಿಲ್ಲ,” ಎಂದ ಕೇಶವಯ್ಯ ಬಾಮೈದನ ಕಡೆ ತಿರುಗಿದರು. “ನೀ ಎಷ್ಟಾಯ್ತು ಹೇಳಪ್ಪ.”

ದಯಾನಂದ್ ಗಡಿಯಾರ ನೋಡಿದ, ಬಾವನ ಮುಖ ನೋಡಲಿಲ್ಲ. “ನಲವತ್ತೊಂದು ಸಾವ್ರ! ರೆಕಾರ್ಡು ಬಾವ! ಹಂಗೇ ಎರಡನೇ ಹಾಸು ನಾಳೇನೇ ಮುಗಿಸ್ಬುಡಿ. ಸೋಮವಾರ ಹೊಸದು ಹಾಕ್ಸಾನ.”

“ನಾಳೆ ಒಂದಿನ ರಜಾ ಬ್ಯಾಡ್ವೇನೋ?” ಎಂದಳು ಅಕ್ಕ.

“ಇರ್ಲಿ ಬುಡು, ಹುಡುಗ ಬೆಟ್ಟ ಹತ್ತಾಕೆ ಹೋಯ್ತಾವ್ನೆ, ನಾವ್ ಕೂತ್ಕಂಡು ಕೈ ಆಡ್ಸಾಕಿಲ್ವಾ,” ಎಂದರು ಕೇಶವಯ್ಯ. ಕಾರು ಹತ್ತಿದ ಮೇಲೆ ದಯಾನಂದನ ಫೋನು ನಾಲ್ಕನೆಯ ಸಲ ಎಚ್ಚರಿಸಿತು. ಅವನು ಕಣ್ಣುಮುಚ್ಚಿ ಮನೆದೇವರನ್ನು ನೆನೆದು, ಆ ಸಂದೇಶವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ.

ಓಟಕ್ಕೆ ಹೆಸರು ಕೊಟ್ಟವರು ಹದಿನೆಂಟು ಜನ. ಭಾನುವಾರ ನಸುಕಿನಲ್ಲಿ ಗುಡ್ಡದ ಬುಡದಲ್ಲಿ ನಿಂತವರು ನಾಲ್ವರು. ಉಳಿದವರಲ್ಲಿ ಮೂವರಿಗೆ ಮದುವೆ, ಇಬ್ಬರಿಗೆ ಜ್ವರ, ಮಿಕ್ಕವರಿಗೆ ಫೋನು ಸ್ವಿಚ್ ಆಫ್. ಬಂದವರೆಂದರೆ ದಯಾನಂದ್, ಆನಂದಕುಮಾರ್, ಮರುಳಸಿದ್ದಪ್ಪ, ಮತ್ತು ಖಾಸಗಿ ಶಾಲೆಯಲ್ಲಿ ಆಟದ ಟೀಚರಾಗಿದ್ದ ಶ್ರೀಲತಾ. ಶ್ರೀಲತಾ ಕ್ಲಬ್ಬಿನ ಪಟ್ಟಿಯಲ್ಲಿ ಮೂವತ್ತೊಂದನೆಯವಳು. ಅವಳ ಕೈಯಲ್ಲಿ ಸ್ಮಾರ್ಟ್ ಗಡಿಯಾರವೇ ಇರಲಿಲ್ಲ, ಜೇಬಿನ ಫೋನಿಗೆ ಸಿಕ್ಕಷ್ಟು ಹೆಜ್ಜೆ ಸಿಕ್ಕಿತು, ಬಿಟ್ಟದ್ದು ಬಿಟ್ಟಿತು. ಆ ಗುಂಪಿನಲ್ಲಿ ನಿಜವಾಗಿ ಓಡಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

ಆನಂದಕುಮಾರನ ಸಿದ್ಧತೆ ನೋಡುವಂತಿತ್ತು. ಕಾಲಿಗೆ ಬಿಗಿಚೀಲ, ತಲೆಗೆ ದೀಪ, ಬೆನ್ನಿಗೆ ನೀರಿನ ಚೀಲ, ಸೊಂಟದ ಪಟ್ಟಿಯಲ್ಲಿ ಓಡುವಾಗ ಚೀಪುವ ಸಣ್ಣ ಸಣ್ಣ ಜೆಲ್ ಪಾಕೀಟು. ಅವನು ಓಡಿದ್ದಕ್ಕಿಂತ ಓಟದ ವಿಡಿಯೋ ನೋಡಿದ್ದು ಹೆಚ್ಚು.

“ಮೊದ್ಲು ಹತ್ತು ಕಿಲೋಮೀಟರು ಮೂಗಲ್ಲೇ ಉಸಿರಾಡ್ಬೇಕು ಸಾರ್. ಕೀನ್ಯಾದೋರು ಹಂಗೇ ಮಾಡೋದು,” ಅಂದ.

“ಕೀನ್ಯಾದೋರು ಉಗ್ಗಾಣಿ ಮೆಣಸಿನಕಾಯಿ ಬಜ್ಜಿ ತಿಂದು ಬಂದಿರಲ್ವಲ್ಲಪ್ಪ,” ಎಂದ ಮರುಳಸಿದ್ದಪ್ಪ. ಅವನು ನಾಲ್ಕು ಪ್ಲೇಟು ತಿಂದಿದ್ದ. “ಪದಂಡಿ ಪದಂಡಿ, ಹೊರಡಾನ, ಬಿಸಿಲು ಬತ್ತೈತೆ.”

ಮೊದಲ ಆರು ಕಿಲೋಮೀಟರು ದಯಾನಂದ್ ಅಭಿಮಾನದಿಂದ ಓಡಿದ. ಬಂಡೆಗಳ ನಡುವೆ ಸೀತಾಫಲದ ಪೊದೆ, ಕಾಲಿಗೆ ಉರುಳುವ ಕಲ್ಲು, ದೂರದ ಸಾಲುಗುಡ್ಡದ ಮೇಲೆ ಗಾಳಿಯಂತ್ರಗಳು. ಏಳನೆಯದರಲ್ಲಿ ಕ್ಯಾಪ್ಟನ್ನಿಗೆ ಪ್ರಕೃತಿಯ ಮೇಲೆ ಪ್ರೀತಿ ಉಕ್ಕಿ, ಫೋಟೋ ತೆಗೆಯಲು ನಿಂತ. ಎಂಟರಲ್ಲಿ ಶೂಲೇಸು ಬಿಚ್ಚಿ ಕಟ್ಟಿದ. ಒಂಬತ್ತರಲ್ಲಿ ಎಲ್ಲರನ್ನೂ ನಿಲ್ಲಿಸಿ ಶಿಸ್ತಿನ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದ. ಹನ್ನೆರಡರ ಮೇಲೆ ಭಾಷಣಕ್ಕೂ ಉಸಿರು ಉಳಿಯಲಿಲ್ಲ. ಆದರೆ ಆನಂದಕುಮಾರ್ ಕುಂಟುತ್ತಿದ್ದದ್ದನ್ನು, ಮರುಳಸಿದ್ದಪ್ಪ ಪೂರ್ತಿ ನಡೆಯುತ್ತಿದ್ದದ್ದನ್ನು ನೋಡಿ ಸ್ವಲ್ಪ ಧೈರ್ಯ ಬಂತು. ಇವರಲ್ಲಿ ಒಬ್ಬ ಮೊದಲು ‘ಸಾಕಪ್ಪ’ ಅಂದುಬಿಟ್ಟರೆ, ಕ್ಯಾಪ್ಟನ್ನಾಗಿ ಅವನನ್ನು ನೋಡಿಕೊಳ್ಳಲು ತಾನೂ ನಿಲ್ಲಬಹುದು. ಅವರಿಬ್ಬರೂ ಅದೇ ಆಸೆಯಿಂದ ಅವನ ಕಡೆ ನೋಡುತ್ತಿದ್ದರು. ಹೀಗೆ ಮೂವರೂ ಒಬ್ಬರ ಸೋಲನ್ನು ಇನ್ನೊಬ್ಬರು ಕಾಯುತ್ತಾ ಇನ್ನೂ ಎಂಟು ಕಿಲೋಮೀಟರು ಸಾಗಿಬಿಟ್ಟರು.

ಇಪ್ಪತ್ತನೆಯ ಕಿಲೋಮೀಟರಿಗೆ ದಾರಿ ಒಂದು ಕಣಿವೆಗೆ ಇಳಿಯಿತು. ಎದುರಿಗೆ ಮುಂದಿನ ಏರು, ಅದರ ನೆತ್ತಿಯಲ್ಲಿ ಗಾಳಿಯಂತ್ರ. ಆ ಏರು ನೋಡಿದ್ದೇ ದಯಾನಂದ್ ನಿಂತುಬಿಟ್ಟ. ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಕಾಲುಚೀಲ ಅಂಟಿತ್ತು. ಆಗ ಅವನಿಗೊಂದು ಬುದ್ಧಿ ಓಡಿತು. ಕಾಲು ಸೋತು ನಿಂತರೆ ಅವಮಾನ. ಎದೆ ಕೆಟ್ಟು ನಿಂತರೆ ಮರ್ಯಾದೆ! ‘ಎದೆನೋವನ್ನೂ ಲೆಕ್ಕಿಸದೆ ಇಪ್ಪತ್ತು ಕಿಲೋಮೀಟರು ಓಡಿದ ಕ್ಯಾಪ್ಟನ್’ ಎಂದು ಬೀದಿಯಲ್ಲಿ ಇನ್ನೂ ಹತ್ತು ವರ್ಷ ಮಾತಾಡಬಹುದು. ಬಂಡೆಯ ಮೇಲೆ ಕುಸಿದು ಎದೆ ಹಿಡಿದುಕೊಂಡ.

ಮೂವರೂ ಓಡಿ ಬಂದರು. ಆನಂದಕುಮಾರನ ಮುಖದಲ್ಲಿ ಗಾಬರಿಗಿಂತ ಬಿಡುಗಡೆಯೇ ಹೆಚ್ಚಾಗಿ ಕಂಡಿತು.

“ಯಾರ್ಗೂ ಹೇಳಿರ್ಲಿಲ್ಲ ಕಣ್ರಪ್ಪಾ,” ಎಂದು ದಯಾನಂದ್ ಫೋನು ತೆಗೆದು ಹಿಡಿದ. “ನಾಕ್ ಸಲ ವಾರ್ನಿಂಗ್ ಕೊಟ್ಟೈತೆ. ಆದ್ರೂ ಕ್ಲಬ್ಬಿನ ಮಾನ ಮುಖ್ಯ ಅಂತ ಬಂದ್ಬುಟ್ಟೆ.”

ಶ್ರೀಲತಾ ಮೊದಲು ಅವನ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಒಂದು ನಿಮಿಷ ಎಣಿಸಿದಳು. ಆಮೇಲೆ ಫೋನು ಇಸಿದುಕೊಂಡು ನಾಲ್ಕೂ ಎಚ್ಚರಿಕೆ ಒಂದೊಂದಾಗಿ ಓದಿದಳು.

“ನಾಡಿ ಸರಿಯಾಗೇ ಹೊಡೀತೈತೆ ಸಾರ್. ಇಷ್ಟು ಏರು ಹತ್ತಿದ್ಮೇಲೂ ಗಡಿಯಾರ ಏನೂ ಅನ್ನಲಿಲ್ಲ ನೋಡಿ. ಮೆಸೇಜು ಸಂಜೆ ಬಂದಿದ್ರೂ ಬಡಿತ ತಪ್ಪಿರೋದೆಲ್ಲ ಬೆಳಗ್ಗೆ ಹನ್ನೊಂದು ಗಂಟೆ, ಮಧ್ಯಾಹ್ನ ಮೂರು, ನಾಕು. ಆ ಹೊತ್ನಾಗೆ ನೀವೇನ್ ಮಾಡ್ತಿರ್ತೀರಿ?”

“ಅಂಗಡೀಲಿ ಕುಂತಿರ್ತೀನಿ.”

“ಕುಂತ್ರೆ ಗಂಟೆಗೆ ಐದ್ ಸಾವ್ರ ಹೆಜ್ಜೆ ಹೆಂಗೆ ಬಿತ್ತು ಸಾರ್? ನಿನ್ನೇದಂತೂ ನಲವತ್ತು ನಿಮಿಷ ಬಿಡ್ದಂಗೆ ತಪ್ಪಿ ತಪ್ಪಿ ಹೊಡ್ದೈತೆ. ಅಮಾಸೆ ದಿನ ನೋಡಿ, ಹೆಜ್ಜೇನೂ ಇಲ್ಲ, ವಾರ್ನಿಂಗೂ ಇಲ್ಲ. ಇದೇನ್ ಸಾರ್, ಕಾಯಿಲೆಗೂ ಅಮಾಸೆ ರಜಾನಾ?”

ಆನಂದಕುಮಾರ್ ನಕ್ಕ. ದಯಾನಂದ್ ನಗಲಿಲ್ಲ. ಅಮಾವಾಸ್ಯೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಕಣ್ಣೆದುರಿಗೆ ಬಂದದ್ದು ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಬಾವ. ಅವರ ಬಲಗೈ. ಆ ಕೈಯಲ್ಲಿ ಗಡಿಯಾರ. ಗೋಡೆಗೆ ಒರಗಿ ಎದೆ ನೀವಿಕೊಳ್ಳುತ್ತಿದ್ದ ಬಾವ, ಮತ್ತು ಅವರಿಗೆ ನಾಳೆಯೇ ಮುಗಿಸಿಬಿಡಿ ಎಂದ ತಾನು. ಆ ಹದಿನೈದು ದಿನದಲ್ಲಿ ಅವನಿಗೆ ನಿಜವಾಗಿ ಎದೆ ಹಿಂಡಿದ್ದು ಅದೇ ಮೊದಲು.

“ಅದು ನನ್ನ ಎದೆ ಅಲ್ಲ,” ಅಂದ.

“ಏನ್ ಸಾರ್?”

“ನಮ್ ಬಾವಂದು. ಗಡಿಯಾರ ಅವ್ರ ಕೈಲಿತ್ತು. ಮಗ್ಗ ನೇಯೋರ ಕೈ ಅದು, ನಾನ್ ಓಡಿಲ್ಲ. ಒಂದ್ ಹೆಜ್ಜೇನೂ ನಂದಲ್ಲ ಕಣಮ್ಮ. ಈಗ್ಲೂ ಮಗ್ಗದಾಗವ್ರೆ, ನಾನೇ ಕೂರ್ಸಿ ಬಂದಿವ್ನಿ!”

ಆನಂದಕುಮಾರ್ ಸ್ವಲ್ಪ ಯೋಚಿಸಿ, “ಹಂಗಾದ್ರೆ ಮೂರ್ ತಿಂಗ್ಳಿಂದ ಫಸ್ಟು ನಾನೇ ಅಲ್ವಾ ಸಾರ್?” ಎಂದು ಕೇಳಿಯೇಬಿಟ್ಟ. ಶ್ರೀಲತಾ ಅವನನ್ನು ನೋಡಿದ ನೋಟಕ್ಕೆ ಅವನು ಇನ್ನೊಂದು ಜೆಲ್ ಪಾಕೀಟು ಬಿಚ್ಚಿ ಬಾಯಿಗೆ ಹಾಕಿಕೊಂಡ.

ಕಣಿವೆಯಲ್ಲಿ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ಸಿಗ್ನಲ್ ಸಿಗುವುದು ಮೇಲೆ ಗಾಳಿಯಂತ್ರದ ಹತ್ತಿರ, ಎರಡೂವರೆ ಕಿಲೋಮೀಟರು, ಪೂರಾ ಏರು ಎಂದ ಮರುಳಸಿದ್ದಪ್ಪ. ಶ್ರೀಲತಾ ಬನಶಂಕರಮ್ಮನ ನಂಬರ್ ಬರೆದುಕೊಂಡು, ದಯಾನಂದನ ಫೋನು ವಾಪಸ್ಸು ಕೊಟ್ಟು ಓಡಿದಳು. ತನ್ನ ಫೋನನ್ನೇ ಅವಳ ಕೈಗೆ ಕೊಡಬಹುದಿತ್ತೆಂದು ದಯಾನಂದನಿಗೆ ಹೊಳೆದದ್ದು ಅವಳು ತಿರುವು ದಾಟಿ ಮರೆಯಾದ ಮೇಲೆ. ಅಕ್ಕನಿಗೆ, ಗೊತ್ತಿಲ್ಲದ ನಂಬರ್ ಬಂದರೆ ಎತ್ತಲೇ ಬೇಡ, ಎಲ್ಲಾ ಮೋಸಗಾರರು ಎಂದು ಹೇಳಿಕೊಟ್ಟವನು ತಾನೇ. ಅಕ್ಕ ತಮ್ಮನ ಮಾತು ಮೀರುವವಳಲ್ಲ.

ಹಾಗಾಗಿ ದಯಾನಂದ್ ಓಡಿದ. ಮ್ಯಾರಥಾನಿಗಲ್ಲ, ಪಟ್ಟಿಗಲ್ಲ. ಬಾಯಲ್ಲಿ, ಮೂಗಲ್ಲಿ, ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಉಸಿರಾಡುತ್ತಾ ಓಡಿದ. ಜಾರಿ ಬಿದ್ದು ಎರಡೂ ಅಂಗೈ ಕಿತ್ತುಕೊಂಡ. ಒಂದು ಕಡೆ ನಾಲ್ಕು ಕಾಲಲ್ಲಿ ಹತ್ತಿದ. ಬನೀನು ಒದ್ದೆಯಾಗಿ ಬೆನ್ನಿಗೆ ಅಂಟಿತು. ‘ಬಾವ ಎದ್ದುಬಿಟ್ಟಿರಲಿ, ಕಾಫಿ ಕುಡಿಯಲು ಎದ್ದಿರಲಿ, ನೂಲು ಹರಿದಿರಲಿ’ ಎಂದು ಒಂದೊಂದು ಹೆಜ್ಜೆಗೂ ಬೇಡಿಕೊಂಡ. ಚಿಕ್ಕಂದಿನಲ್ಲಿ ಅಪ್ಪ ತೀರಿಕೊಂಡ ವರ್ಷ ಅವನ ಶಾಲೆಯ ಫೀಜನ್ನು ಇದೇ ಬಾವ ಇದೇ ಮಗ್ಗದಿಂದ ಕಟ್ಟಿದ್ದರು. ಅದು ಅವನಿಗೆ ಈಗ ನೆನಪಾಗಿ ಅಳು ಬಂತು. ಅಳುತ್ತಾ ಓಡುವುದು ಕಷ್ಟ, ಆದರೂ ಓಡಿದ.

ಗಾಳಿಯಂತ್ರದ ಬುಡದಲ್ಲಿ ಶ್ರೀಲತಾ ನಿಂತಿದ್ದಳು. “ಏಳ್ ಸಲ ಮಾಡ್ದೆ ಸಾರ್, ಎತ್ತಲೇ ಇಲ್ಲ.”

ದಯಾನಂದ್ ತನ್ನ ಫೋನಿನಿಂದ ಒತ್ತಿದ. ಎರಡನೆಯ ರಿಂಗಿಗೆ ಅಕ್ಕ ಎತ್ತಿದಳು. ಹಿಂದೆ ಟಕಟಕ ಎಂದು ಮಗ್ಗದ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿ ಅವನಿಗೆ ಜೀವ ಬಂತು, ಮರುಕ್ಷಣವೇ ಭಯವೂ ಬಂತು.

“ಅಕ್ಕಾ, ಬಾವನ್ನ ಎಬ್ಬಿಸು! ಮಗ್ಗದಿಂದ ಎಬ್ಬಿಸು ಮೊದ್ಲು!”

“ಯಾಕೋ? ಯಾರೋ ಮೋಸಗಾರ್ರು ಒಂದೇ ಸಮ ಫೋನ್ ಮಾಡ್ತಾವ್ರೆ…”

“ಎಬ್ಬಿಸೇ ತಾಯಿ!”

ಸದ್ದು ನಿಂತಿತು. ಕೇಶವಯ್ಯನೇ ಫೋನು ತೆಗೆದುಕೊಂಡರು. ಮಾತು ಮೇಲುಸಿರಿನಲ್ಲಿ ಬರುತ್ತಿತ್ತು. “ಏನಪ್ಪಾ, ಬೆಟ್ಟ ಹತ್ತಿದ್ಯಾ?”

“ಬಾವ, ಎದೆ ಹೆಂಗೈತೆ? ನಿಜ ಹೇಳಿ.”

“ಹದಿನೈದ್ ದಿನದಿಂದ ಒಂಥರಾ ಹಕ್ಕಿ ಪಟಪಟ ಅಂದಂಗೆ ಆಯ್ತೈತೆ ಕಣಪ್ಪ. ಒಂದೊಂದ್ ಸಲ ಕಣ್ಣು ಕತ್ತಲೆ ಬತ್ತೈತೆ. ನಿಮ್ಮಕ್ಕನಿಗೆ ಹೇಳಿಲ್ಲ.”

“ಅಂಗಿದ್ರೂ ಯಾಕ್ ನೇಯ್ದ್ರಿ ಬಾವ?”

“ನಾನ್ ನಿಂತ್ರೆ ನಿನ್ ಹೆಜ್ಜೆ ನಿಂತೋಯ್ತವಲ್ಲಪ್ಪ. ಈ ತಿಂಗ್ಳೂ ಹತ್ತು ಲಕ್ಷ ಆಗ್ಲಿ ಅಂತ ಇದ್ದೆ.”

ಶ್ರೀಲತಾ ಫೋನು ಇಸಿದುಕೊಂಡು, ಅವರನ್ನು ಹಾಗೇ ಮಲಗಿಸಿರಿ, ಓಡಾಡಿಸಬೇಡಿ ಎಂದು ಬನಶಂಕರಮ್ಮನಿಗೆ ಹೇಳಿದಳು. ಆಮೇಲೆ ಪ್ರಮೀಳಾಗೆ ಫೋನು ಮಾಡಿದರು. ಅವಳು ಯಾಕೆ, ಏನು ಎಂದು ಕೇಳದೆ ಆಟೋ ತೆಗೆದುಕೊಂಡು ಹೋಗಿ, ಅರ್ಧ ಗಂಟೆಯೊಳಗೆ ಬಾವನನ್ನು ಆಸ್ಪತ್ರೆಗೆ ಸೇರಿಸಿದಳು.

ಹಿಂದಿನಿಂದ ಬಂದ ಇಬ್ಬರನ್ನೂ ಕೂಡಿಕೊಂಡು ಬೆಟ್ಟದ ಆ ಕಡೆಯ ಡಾಂಬರು ರಸ್ತೆಗೆ ಇಳಿದು, ಮರುಳಸಿದ್ದಪ್ಪ ಕರೆಸಿದ ಕಾರು ಹತ್ತಿ ಹೊರಟರು. ಕಲ್ಯಾಣದುರ್ಗದ ಬಾಗಿಲಲ್ಲಿ ಫ್ಲೆಕ್ಸು ಗಾಳಿಗೆ ಆಡುತ್ತಿತ್ತು, ಶಾಮಿಯಾನದ ಕೆಳಗೆ ಐದಾರು ಜನ ಹಾರ ಹಿಡಿದು ಕೂತಿದ್ದರು. ಕಾರು ನಿಲ್ಲಲಿಲ್ಲ. ಬೇರೆಯವನ ಮೈ ಮೇಲೆ ಕೂತ ತನ್ನ ತಲೆಯನ್ನು ದಯಾನಂದ್ ಒಂದು ಸಲ ನೋಡಿ ತಲೆ ತಗ್ಗಿಸಿದ. ತರಿಸಿದ ಹಾರ ಹಾಳಾಗಬಾರದೆಂದು ಅಲ್ಲಿದ್ದವರು ಆಮೇಲೆ ಅದನ್ನು ಆನಂದಕುಮಾರನಿಗೇ ಹಾಕಿದರಂತೆ. ಅವನು ಸ್ವಲ್ಪ ಮುಂದೆ ಕಾರು ನಿಲ್ಲಿಸಿ ಇಳಿದುಕೊಂಡಿದ್ದ.

ಹಿಂದೂಪುರದ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಕೇಶವಯ್ಯ ದಿಂಬಿಗೆ ಒರಗಿ ಕೂತಿದ್ದರು. ಬಡಿತ ಹದಕ್ಕೆ ಬಂದಿದೆ, ಸರಿಯಾದ ಹೊತ್ತಿಗೆ ಕರೆತಂದಿರಿ, ಇನ್ನೊಂದೆರಡು ದಿನ ಹೀಗೇ ದುಡಿದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಬನಶಂಕರಮ್ಮ ತಮ್ಮನ ಮುಖ ನೋಡಲಿಲ್ಲ. ಅವನು ಕುಂಟುತ್ತಾ ಬಂದು ಮಂಚದ ಕಾಲ ಬಳಿ ನಿಂತ. ಎಲ್ಲವನ್ನೂ ಹೇಳಿದ. ಎಚ್ಚರಿಕೆ ನಾಲ್ಕು ಸಲ ಬಂದಿತ್ತೆಂದೂ, ತಾನು ಡಾಕ್ಟರ ಹತ್ತಿರ ತನ್ನನ್ನು ತೋರಿಸಿಕೊಂಡು ಬಂದೆನೆಂದೂ ಹೇಳಿದ.

“ಅವ್ರ ಎದೆ ಕೆಟ್ರೆ ನೀ ಹೋಗಿ ತೋರುಸ್ಕಂಡು ಬಂದ್ಯಾ?” ಎಂದಳು ಅಕ್ಕ. ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಅಕ್ಕನಿಂದ ಬೈಗುಳ ಎಷ್ಟೋ ತಿಂದಿದ್ದ. ಇಷ್ಟು ನೋಯಿಸಿದ್ದು ಯಾವುದೂ ಇರಲಿಲ್ಲ.

“ಬುಡೇ ಅತ್ಲಾಗೆ,” ಎಂದರು ಕೇಶವಯ್ಯ. ಆಮೇಲೆ ಹಳೆಯ ಅಭ್ಯಾಸದಂತೆ ಬಾಮೈದನ ಕೈ ನೋಡಿದರು. “ಇವತ್ತು ನೀನೇ ಓಡಿದ್ಯಂತಲ್ಲ. ಎಷ್ಟಾಯ್ತಪ್ಪಾ?”

ದಯಾನಂದ್ ಫೋನು ತೆಗೆದು ನೋಡಿದ. ಇಪ್ಪತ್ತೊಂಬತ್ತು ಸಾವಿರದ ಮುನ್ನೂರು. ಅದರ ಕೆಳಗೆ ಫೋನು ಬರೆದಿತ್ತು: “ಇಂದು ನಿಮ್ಮ ಹೆಜ್ಜೆ ಎಂದಿನದಕ್ಕಿಂತ ಕಡಿಮೆ, ದಯಾನಂದ್. ನಾಳೆ ಇನ್ನಷ್ಟು ಪ್ರಯತ್ನಿಸಿ.” ಹಿಮ್ಮಡಿ ಒಡೆದು, ಅಂಗೈ ಕಿತ್ತು, ಅಳುತ್ತಾ ಬೆಟ್ಟ ಹತ್ತಿದ ದಿನ, ಬಾವ ಕೂತು ನೇಯುವ ಒಂದು ಸಾಧಾರಣ ದಿನದ ಹತ್ತಿರಕ್ಕೂ ಬಂದಿರಲಿಲ್ಲ. ಅದನ್ನು ಓದಿ ಹೇಳಿದ.

“ಅಷ್ಟೇನಾ?” ಕೇಶವಯ್ಯನಿಗೆ ನಿಜವಾಗಿಯೂ ಕನಿಕರವಾಯಿತು. “ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ನಾ ಎದ್ ಮೇಲೆ ಸರಿ ಮಾಡ್ಕೊಡ್ತೀನಿ.”

ದಯಾನಂದ್ ಗಡಿಯಾರ ಬಿಚ್ಚಿ, ಬಾವನ ಸೂಜಿ ಚುಚ್ಚದ ಕೈಗೆ ಕಟ್ಟಿದ. ಬಡಿತ ನೋಡುತ್ತಿರಬೇಕೆಂದು ಡಾಕ್ಟರು ಹೇಗೂ ಹೇಳಿದ್ದರು. ಆಮೇಲೆ ಕಿತ್ತುಹೋದ ಕೈಯ ಬೆರಳಲ್ಲಿ ಒತ್ತಿ ಒತ್ತಿ ಆ್ಯಪಿನಲ್ಲಿ ಹೆಸರು ಬದಲಾಯಿಸಿದ. ಖಂಡಿತ ಬದಲಿಸಬೇಕೇ ಎಂದು ಫೋನು ಎರಡು ಸಲ ಕೇಳಿತು.

ಆ ಸಂಜೆ ಕ್ಲಬ್ಬಿನ ಪಟ್ಟಿ ಬಂತು. ಮೊದಲನೆಯ ಸ್ಥಾನ, ಕೇಶವಯ್ಯ, ಹತ್ತು ಲಕ್ಷದ ಹನ್ನೆರಡು ಸಾವಿರ. ದಯಾನಂದನ ಹೆಸರು ಎಲ್ಲೂ ಇರಲಿಲ್ಲ. ಗುಂಪಿನಲ್ಲಿ ಅರವತ್ತು ಜನವೂ ಎದ್ದು ಕೂತರು. ಯಾರಪ್ಪಾ ಈ ಕೇಶವಯ್ಯ? ಎಲ್ಲಿ ಓಡುತ್ತಾರೆ? ಕೋಚ್ ಯಾರು? ಯಾವ ಕಂಪನಿಯ ಶೂ? ಆನಂದಕುಮಾರ್ ಗೊತ್ತಿದ್ದೂ ಸುಮ್ಮನಿದ್ದ. ಅದೊಂದು ಪುಣ್ಯ ಅವನಿಗೆ ಸೇರಲಿ.

ದಯಾನಂದ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಆ ಪ್ರಶ್ನೆಗಳನ್ನು ನೋಡಿದ. ಪ್ರಮೀಳಾ ಪಕ್ಕದಲ್ಲಿ ಬಂದು ಕೂತವಳು ಮೂಗು ಮುಚ್ಚಿಕೊಂಡು ಸ್ವಲ್ಪ ಸರಿದು, “ಅಬ್ಬಾ, ಇವತ್ತು ಹೊಡೀತೈತೆ ನೋಡ್ರಿ ವಾಸ್ನೆ,” ಅಂದಳು. ಅವನು ಉತ್ತರ ಬರೆದು, ಒಂದು ಸಲ ಓದಿ, ಕಳಿಸಿಬಿಟ್ಟ.

“ನಮ್ಮ ಬಾವ. ನೇಕಾರರ ಬೀದಿ. ಶೂ ಇಲ್ಲ, ಮಗ್ಗ. ಎಲ್ಲಾ ಹೆಜ್ಜೆ ಅವರವೇ. ನಾಳೆ ಅಂಗಡಿಗೆ ಬನ್ನಿ, ಬೈಯುವುದಿದ್ದರೆ ಅಲ್ಲೇ ಬೈಯಿರಿ. ನಾನು ನಡೆದುಕೊಂಡು ಬರುತ್ತೇನೆ, ಸ್ವಲ್ಪ ತಡವಾಗುತ್ತದೆ.”